ಈಮ್ ಎಂಬ ಊರಿನ ಗಡಿಕಲ್ಲು

ಆಟಿ ತಿಂಗಳಲ್ಲಿ ನಮ್ಮ ಮನೆಯಂಗಳಕ್ಕೆ ಕಳೆಂಜ ಬರುತ್ತಿದ್ದುದು ನನಗೆ ಚೆನ್ನಾಗಿ ನೆನಪುಂಟು. ಸೊಂಟಕ್ಕೆ ತೆಂಗಿನ ತಿರಿ, ಕೈಯಲ್ಲಿ ತಾಳೆಗರಿಯ ಕೊಡೆ, ಜೊತೆಗೆ ತೆಂಬರೆ ಬಡಿಯುವವ. ಅಜ್ಜಿ ಗೆರಸೆಯಲ್ಲಿ ಅಕ್ಕಿ, ಉಪ್ಪು, ಮೆಣಸು, ಅರಿಶಿನ, ಒಂದು ತುಂಡು ಮಸಿ ಇಟ್ಟು ಕೊಡುತ್ತಿದ್ದಳು. ‘ಊರಿನ ಮಾರಿಯೆಲ್ಲ ಅವನ ಒಟ್ಟಿಗೆ ಹೋಗ್ತದೆ’ ಅನ್ನುತ್ತಿದ್ದಳು. ‘ಎಲ್ಲಿಗೆ ಹೋಗ್ತದೆ ಅಜ್ಜಿ?’ ಅಂದರೆ ‘ಗಡಿಯಿಂದ ಆಚೆ’ ಅಂತ ಉತ್ತರ. ಒಮ್ಮೆ ನಾನು, ‘ಗಡಿಯಿಂದ ಆಚೆಯೂ ಊರೇ ಅಲ್ಲವಾ, ಅಲ್ಲಿಯೂ ಜನ ಇದ್ದಾರಲ್ಲ?’ ಅಂತ ಕೇಳಿದೆ. ಅಜ್ಜಿ ನನ್ನನ್ನು ಒಂದು ಗಳಿಗೆ ನೋಡಿ, ‘ಹೆಚ್ಚು ಮಾತಾಡಬೇಡ, ಒಳಗೆ ಹೋಗು’ ಅಂದಳು.

ರೋಗವನ್ನು ಗಡಿ ದಾಟಿಸುವುದು ಎಲ್ಲ ಊರಿನವರೂ ಮಾಡುತ್ತ ಬಂದ ಕೆಲಸ. ಆದರೆ ರೋಗ ನಮ್ಮಿಂದ ಪಕ್ಕದ ಊರಿಗೆ ಹೋಗಬಾರದು ಅಂತ ತಾವೇ ಗಡಿ ಹಾಕಿಕೊಂಡು ಒಳಗೆ ಉಳಿದವರ ಕತೆ ಅಪರೂಪ. ಅಂಥ ಒಂದು ಊರು ಇಂಗ್ಲೆಂಡಿನಲ್ಲಿ ಉಂಟು. ಅದರ ಹೆಸರಿನ ಇಂಗ್ಲಿಷ್ ಅಕ್ಷರ ನೋಡಿದರೆ ‘ಈಯಾಮ್’ ಅಂತ ಓದಿಸಿಕೊಳ್ಳುತ್ತದೆ. ಊರಿನವರು ಹೇಳುವುದು ‘ಈಮ್’. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತಿದ್ದಾಗ ಈ ಊರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನಾನು ಕ್ರೈಸ್ತನಲ್ಲ. ಆದರೆ ಒಂದು ಇಗರ್ಜಿಯ ಜನ ಒಟ್ಟಾಗಿ ಮಹಾಮಾರಿಯನ್ನು ಎದುರಿಸಿದ ಬಗೆ ಯಾವ ದೇವರನ್ನು ನಂಬುವವರಿಗೂ ತಿಳಿದಿರಬೇಕಾದ ಸಂಗತಿ ಅಂತ ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಈಮ್ ಇರುವುದು ಡರ್ಬಿಶೈರ್ ಎಂಬ ಜಿಲ್ಲೆಯ ಗುಡ್ಡಗಳ ನಡುವೆ. ಆ ಕಾಲಕ್ಕೆ ಅಲ್ಲಿ ಬೇಸಾಯದವರು ಮತ್ತು ಸೀಸದ ಗಣಿಯಲ್ಲಿ ಕೆಲಸ ಮಾಡುವವರು ಇದ್ದರು. 1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಬಂದು ಸಾವಿರಗಟ್ಟಲೆ ಜನ ಸಾಯುತ್ತಿದ್ದರು. ಆದರೆ ಲಂಡನ್ ಈ ಊರಿಗೆ ಬಹಳ ದೂರ. ಆ ವರ್ಷ ಸೆಪ್ಟೆಂಬರಿನಲ್ಲಿ ಊರಿನ ದರ್ಜಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಎಂಬವನ ಮನೆಗೆ ಲಂಡನ್ನಿನಿಂದ ಒಂದು ಬಟ್ಟೆಯ ಗಂಟು ಬಂತು. ಬಟ್ಟೆ ತೇವವಾಗಿತ್ತು. ಕೆಲಸದಾಳು ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿ ಒಲೆಯ ಮುಂದೆ ಒಣಗಲು ಹಾಕಿದ. ಕೆಲವೇ ದಿನಗಳಲ್ಲಿ ಅವನಿಗೆ ಜ್ವರ ಬಂತು, ಮೈಯಲ್ಲಿ ಗಡ್ಡೆ ಎದ್ದಿತು. ಸೆಪ್ಟೆಂಬರ್ 7ರಂದು ಅವನನ್ನು ಮಣ್ಣು ಮಾಡಿದರು. ಆ ಮೇಲೆ ಅದೇ ಮನೆಯವರು, ಪಕ್ಕದ ಮನೆಯವರು ಒಬ್ಬೊಬ್ಬರೇ ಹೋದರು. ಬಟ್ಟೆಯಲ್ಲಿ ಬಂದದ್ದು ಚಿಗಟ. ಅದು ಅವರಿಗೆ ಗೊತ್ತಿರಲಿಲ್ಲ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ ಕಂಡುಹಿಡಿದದ್ದು 1894ರಲ್ಲಿ, ಹಾಂಗ್‌ಕಾಂಗಿನಲ್ಲಿ. ಇಲಿಯ ಮೈಯ ಚಿಗಟದಿಂದ ಅದು ಹರಡುತ್ತದೆ ಎಂದು ಸೀಮೋಂ ಎಂಬ ವೈದ್ಯ ತೋರಿಸಿದ್ದು 1898ರಲ್ಲಿ, ಕರಾಚಿಯಲ್ಲಿ. ಈಮ್‌ನವರಿಗೆ ಈ ತಿಳಿವಳಿಕೆ ಬರಲು ಇನ್ನೂ ಇನ್ನೂರ ಮೂವತ್ತು ವರ್ಷ ಬೇಕಿತ್ತು.

ಚಳಿಗಾಲದಲ್ಲಿ ರೋಗ ಸ್ವಲ್ಪ ತಗ್ಗಿತು. ಮರುವರ್ಷ ಬೇಸಿಗೆಗೆ ಮತ್ತೆ ಹೆಚ್ಚಿತು. ಆಗ ಜನ ಊರು ಬಿಟ್ಟು ಹೋಗುವ ಯೋಚನೆ ಮಾಡಿದರು. ಅನುಕೂಲ ಇದ್ದ ಕೆಲವರು ಮೊದಲೇ ಹೊರಟು ಹೋಗಿದ್ದರು. ಉಳಿದವರೂ ಹೋದರೆ ರೋಗ ಅವರ ಜೊತೆ ಶೆಫೀಲ್ಡಿಗೆ, ಸುತ್ತಲಿನ ಪೇಟೆಗಳಿಗೆ ಹೋಗುವುದು ಖಂಡಿತ.

ಈಗ ಊರಿನ ಪಾದ್ರಿಯ ವಿಷಯ ಹೇಳಬೇಕು. ಅವನ ಹೆಸರು ವಿಲಿಯಂ ಮೊಂಪೆಸನ್. ಇಪ್ಪತ್ತೆಂಟರ ಆಸುಪಾಸಿನ ಯುವಕ, ಊರಿಗೆ ಬಂದದ್ದು 1664ರಲ್ಲಿ. ಜನ ಅವನನ್ನು ಇನ್ನೂ ತಮ್ಮವನೆಂದು ಒಪ್ಪಿರಲಿಲ್ಲ. ಅದಕ್ಕೆ ಕಾರಣವಿತ್ತು. ಅವನಿಗಿಂತ ಮುಂಚೆ ಅಲ್ಲಿದ್ದ ಪಾದ್ರಿ ಥಾಮಸ್ ಸ್ಟ್ಯಾನ್ಲಿ. ರಾಜನ ಸರಕಾರ 1662ರಲ್ಲಿ ಎಲ್ಲ ಇಗರ್ಜಿಗಳಲ್ಲೂ ಒಂದೇ ಪ್ರಾರ್ಥನಾ ಪುಸ್ತಕ ಓದಬೇಕೆಂದು ಕಾನೂನು ಮಾಡಿತು. ಸ್ಟ್ಯಾನ್ಲಿ ಅದಕ್ಕೆ ಒಪ್ಪದೆ ಕೆಲಸ ಕಳಕೊಂಡಿದ್ದ. ಆದರೂ ಊರಿನ ಜನರ ಮನಸ್ಸು ಅವನ ಕಡೆಗೇ ಇತ್ತು. ಒಬ್ಬ ಸರಕಾರದ ಪಾದ್ರಿ, ಇನ್ನೊಬ್ಬ ಸರಕಾರ ಹೊರಗೆ ಹಾಕಿದ ಪಾದ್ರಿ. ಇಬ್ಬರ ದಾರಿಯೂ ಬೇರೆ. ನಮ್ಮೂರಿನಲ್ಲಿ ಎರಡು ಪಕ್ಷದವರು ಒಂದೇ ಚಾವಡಿಯಲ್ಲಿ ಕೂತು ಚಹಾ ಕುಡಿಯುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತುಂಟಲ್ಲ, ಇದು ಅದಕ್ಕಿಂತಲೂ ಕಷ್ಟದ್ದು.

ಮೊಂಪೆಸನ್ ಬುದ್ಧಿವಂತ. ತಾನು ಒಬ್ಬನೇ ಹೇಳಿದರೆ ಜನ ಕೇಳುವುದಿಲ್ಲ ಎಂದು ಅವನಿಗೆ ತಿಳಿದಿತ್ತು. ಅವನು ಸ್ಟ್ಯಾನ್ಲಿಯ ಜೊತೆ ಸೇರಿದ. 1666ರ ಜೂನಿನಲ್ಲಿ ಇಬ್ಬರೂ ಒಟ್ಟಿಗೆ ಊರಿನವರ ಮುಂದೆ ಮೂರು ತೀರ್ಮಾನ ಇಟ್ಟರು.

ಒಂದನೆಯದು, ಸತ್ತವರನ್ನು ಇಗರ್ಜಿಯ ಸ್ಮಶಾನಕ್ಕೆ ತರುವುದು ಬೇಡ, ಜನ ಸೇರಿಸಿ ಶವಸಂಸ್ಕಾರ ಮಾಡುವುದೂ ಬೇಡ. ಅವರವರ ಮನೆಯವರು ಅವರವರ ಹಿತ್ತಲಲ್ಲೋ ಗದ್ದೆಯಲ್ಲೋ ಮಣ್ಣು ಮಾಡಲಿ.

ಎರಡನೆಯದು, ಇಗರ್ಜಿಯ ಬಾಗಿಲು ಹಾಕೋಣ. ಪ್ರಾರ್ಥನೆ ಹೊರಗೆ ಬಯಲಿನಲ್ಲಿ ನಡೆಯಲಿ. ಕಕ್‌ಲೆಟ್ ಡೆಲ್ಫ್ ಎಂಬ ಒಂದು ತಗ್ಗು ಊರಿನ ಹತ್ತಿರವೇ ಉಂಟು. ಅಲ್ಲಿ ಒಂದೊಂದು ಕುಟುಂಬ ಒಂದೊಂದು ಕಡೆ, ನಡುವೆ ಜಾಗ ಬಿಟ್ಟು ನಿಲ್ಲಬೇಕು. ಪಾದ್ರಿ ಬಂಡೆಯ ಬಳಿ ನಿಂತು ಮಾತಾಡುತ್ತಾನೆ.

ಮೂರನೆಯದು, ಊರಿನ ಸುತ್ತ ಒಂದು ಗಡಿ. ರೋಗ ಹೋಗುವ ತನಕ ಒಳಗಿನವರು ಹೊರಗೆ ಹೋಗಬಾರದು, ಹೊರಗಿನವರು ಒಳಗೆ ಬರಬಾರದು.

ನನಗೆ ಮುಖ್ಯವಾಗಿ ಕಾಣುವುದು ಈ ತೀರ್ಮಾನಗಳ ಸಾಲು. ಜನರಿಗೆ ‘ನೀವು ಊರು ಬಿಡಬೇಡಿ’ ಎನ್ನುವಾಗಲೇ ಇಗರ್ಜಿಯೂ ತನಗೆ ಅತ್ಯಂತ ಪವಿತ್ರವಾದ ಎರಡು ಪದ್ಧತಿಗಳನ್ನು ಬಿಟ್ಟುಕೊಟ್ಟಿತು. ಕ್ರೈಸ್ತರಿಗೆ ಇಗರ್ಜಿಯ ಮಣ್ಣಿನಲ್ಲಿ ಮಲಗುವುದೆಂದರೆ ಸಣ್ಣ ಸಂಗತಿಯಲ್ಲ. ಕೊನೆಯ ದಿನ ಅಲ್ಲಿಂದಲೇ ಎದ್ದು ಬರುತ್ತೇವೆ ಎಂಬ ನಂಬಿಕೆ ಅವರದು. ಅಂಥದ್ದನ್ನು ‘ಈಗ ಬೇಡ’ ಎಂದು ಹೇಳಲು ಪಾದ್ರಿಗೆ ಧೈರ್ಯ ಬೇಕು. ಆ ಮಾತನ್ನು ಸರಕಾರದ ಆಳು ಬಂದು ಹೇಳಿದ್ದರೆ ಜಗಳವಾಗುತ್ತಿತ್ತು. ತಮ್ಮ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದವರು, ತಮ್ಮ ಮದುವೆ ಮಾಡಿಸಿದವರು ಹೇಳಿದ್ದರಿಂದ ಜನ ಕೇಳಿದರು.

ಇನ್ನು ಊಟದ ಪ್ರಶ್ನೆ. ಗಡಿ ಹಾಕಿ ಕೂತರೆ ಗಂಜಿಗೆ ಎಂತ ಮಾಡುವುದು? ಕೆಲವು ಮೈಲಿ ದೂರದ ಚಾಟ್ಸ್‌ವರ್ತ್ ಎಂಬಲ್ಲಿ ಡೆವನ್‌ಶೈರಿನ ಅರ್ಲ್ ಎಂಬ ದೊಡ್ಡ ಜಮೀನುದಾರ ಇದ್ದ. ಜನ ಊರಲ್ಲೇ ಉಳಿಯುವುದಾದರೆ ತಿನ್ನಲು ಬೇಕಾದ್ದನ್ನು ಕಳಿಸುತ್ತೇನೆಂದು ಅವನು ಒಪ್ಪಿದ. ಪಕ್ಕದ ಹಳ್ಳಿಗಳವರೂ ಸಾಮಾನು ತಂದು ಗಡಿಯಲ್ಲಿ ಇಟ್ಟು ಹೋಗುತ್ತಿದ್ದರು. ಈಮ್ ಮತ್ತು ಸ್ಟೋನಿ ಮಿಡ್ಲ್‌ಟನ್ ಎಂಬ ಹಳ್ಳಿಗಳ ನಡುವೆ ಒಂದು ಗಡಿಕಲ್ಲು ಉಂಟು, ಅದರಲ್ಲಿ ಕೊರೆದ ಸಣ್ಣ ಗುಳಿಗಳಿವೆ. ಆ ಗುಳಿಗಳಿಗೆ ವಿನೆಗರ್ ತುಂಬಿಸಿ ಅದರೊಳಗೆ ನಾಣ್ಯ ಹಾಕುತ್ತಿದ್ದರು. ಹುಳಿಯಲ್ಲಿ ಮುಳುಗಿದ ದುಡ್ಡಿನಿಂದ ರೋಗ ಅಂಟುವುದಿಲ್ಲ ಎಂಬುದು ಲೆಕ್ಕ. ಊರಿನ ಇನ್ನೊಂದು ಬದಿಯಲ್ಲಿ ಒಂದು ಒರತೆ, ಅಲ್ಲಿ ಹರಿಯುವ ನೀರಿನಲ್ಲಿ ನಾಣ್ಯ ಇಡುತ್ತಿದ್ದರು. ಅದನ್ನು ಇವತ್ತಿಗೂ ಮೊಂಪೆಸನ್ನನ ಬಾವಿ ಅನ್ನುತ್ತಾರೆ. ಕೊರೊನಾ ಕಾಲದಲ್ಲಿ ನಮ್ಮ ಅಂಗಡಿಯವರು ನೋಟಿಗೆ ಸ್ಯಾನಿಟೈಸರ್ ಸಿಂಪಡಿಸಿ ತೆಗೆದುಕೊಂಡದ್ದು ನೆನಪಾಯಿತೇ? ಬುದ್ಧಿ ಅದೇ.

ಆದರೂ ಸಾವು ನಿಲ್ಲಲಿಲ್ಲ. ಆಗಸ್ಟ್ ತಿಂಗಳು ಎಲ್ಲಕ್ಕಿಂತ ಕೆಟ್ಟದ್ದಾಯಿತು. ಊರಿನ ಹೊರಗಿನ ಒಂದು ಹೊಲದಮನೆಯಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ಹೆಂಗಸು ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಕಳಕೊಂಡಳು. ಹೆಣಗಳನ್ನು ಮುಟ್ಟಲು ಯಾರೂ ಬರುವಂತಿಲ್ಲ. ಅವಳೇ ಗುಂಡಿ ತೋಡಿ, ಅವಳೇ ಎಳಕೊಂಡು ಹೋಗಿ ಮಣ್ಣು ಮಾಡಿದಳು. ರೈಲಿ ಸಮಾಧಿಗಳು ಎಂದು ಕರೆಯುವ ಆ ಕಲ್ಲುಗಳು ಈಗಲೂ ಬಯಲಿನ ನಡುವೆ ಸಣ್ಣ ಕಲ್ಲುಕಟ್ಟೆಯೊಳಗೆ ಇವೆ. ಮೊದಲ ತೀರ್ಮಾನದ ಬೆಲೆ ಎಂತದು ಅಂತ ಅವುಗಳನ್ನು ನೋಡಿದರೆ ಗೊತ್ತಾಗುತ್ತದೆ.

ಪಾದ್ರಿಯ ಹೆಂಡತಿ ಕ್ಯಾಥರಿನ್‌ಗೆ ಆಗ ಇಪ್ಪತ್ತೇಳು ವರ್ಷ. ಅವಳು ರೋಗಿಗಳ ಆರೈಕೆ ಮಾಡುತ್ತಿದ್ದಳು. ಆಗಸ್ಟ್ 25ರಂದು ಅವಳೂ ಹೋದಳು. ಅವಳ ಸಮಾಧಿ ಇಗರ್ಜಿಯ ಅಂಗಳದಲ್ಲೇ ಉಂಟು. ಕೊನೆಯ ಸಾವು ನವೆಂಬರ್ 1ರಂದು. ಆ ತಿಂಗಳು ಮೊಂಪೆಸನ್ ಬರೆದ ಒಂದು ಪತ್ರದಲ್ಲಿ ಲೆಕ್ಕ ಕೊಟ್ಟಿದ್ದಾನೆ: 76 ಕುಟುಂಬಗಳಿಗೆ ರೋಗ ಬಂತು, 259 ಜನ ತೀರಿದರು. ಊರಿನಲ್ಲಿ ಒಟ್ಟು ಎಷ್ಟು ಜನ ಇದ್ದರೆಂಬುದಕ್ಕೆ ಹಳೆಯ ಪುಸ್ತಕಗಳು 350 ಅನ್ನುತ್ತವೆ. ಈಚಿನ ಇತಿಹಾಸಕಾರರು ಅದರ ಎರಡು ಪಾಲು ಇದ್ದಿರಬೇಕು ಅನ್ನುತ್ತಾರೆ. ಹೇಗೆ ನೋಡಿದರೂ ಮೂರರಲ್ಲಿ ಒಬ್ಬರಾದರೂ ಹೋದ ಹಾಗಾಯಿತು. ಸುತ್ತಲಿನ ಊರುಗಳಿಗೆ ರೋಗ ಹಬ್ಬಲಿಲ್ಲ ಎಂಬುದು ಆ ಊರಿನವರ ಸಮಾಧಾನ. ಈಗಲೂ ಪ್ರತಿವರ್ಷ ಆಗಸ್ಟಿನ ಕೊನೆಯ ಆದಿತ್ಯವಾರ ಅವರು ಆ ತಗ್ಗಿನಲ್ಲಿ ಪ್ರಾರ್ಥನೆಗೆ ಸೇರುತ್ತಾರೆ.

ಇದನ್ನು ಓದಿದವರು ‘ಎಂಥಾ ತ್ಯಾಗ!’ ಎಂದು ಕೈಮುಗಿದು ಬಿಡುವುದುಂಟು. ನಾನು ಮಾಸ್ಟ್ರಾಗಿದ್ದವ, ನನಗೆ ಕೈಮುಗಿದ ಮೇಲೂ ಕೆಲವು ಪ್ರಶ್ನೆ ಉಳಿಯುತ್ತದೆ. ಮೊಂಪೆಸನ್ ಗಡಿ ಹಾಕುವ ಮುಂಚೆ ತನ್ನ ಇಬ್ಬರು ಮಕ್ಕಳನ್ನು ದೂರದ ನೆಂಟರ ಮನೆಗೆ ಕಳಿಸಿದ್ದ. ತಂದೆಯಾಗಿ ಅವನು ಮಾಡಿದ್ದು ತಪ್ಪು ಅನ್ನಲಾರೆ. ಆದರೆ ಎಲಿಜಬೆತ್ ಹ್ಯಾನ್‌ಕಾಕ್‌ಗೆ ಮಕ್ಕಳನ್ನು ಕಳಿಸಲು ಅಂಥ ನೆಂಟರ ಮನೆ ಇತ್ತೋ ಇಲ್ಲವೋ. ದುಡ್ಡಿದ್ದವರು ಹೋದ ಮೇಲೆ ಉಳಿದವರು ಮಾಡಿದ ಪ್ರತಿಜ್ಞೆ ಅದು. ಬೇರೆ ದಾರಿ ಇಲ್ಲದವನ ತ್ಯಾಗವನ್ನು ಹೊಗಳುವುದು ಸುಲಭ.

ಇನ್ನೊಂದು ಸಂಗತಿ, ಅವರು ಮನೆಗಳಲ್ಲೇ ಉಳಿದದ್ದು. ನಮ್ಮ ದೇಶದಲ್ಲಿ 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆಗ ಘಟ್ಟದ ಮೇಲಿನ ಊರುಗಳಲ್ಲಿ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿ ತಿಂಗಳುಗಟ್ಟಲೆ ಇದ್ದರು. ಇಲಿ ಸತ್ತು ಬಿದ್ದ ಕೂಡಲೇ ಮನೆ ಖಾಲಿ ಮಾಡುತ್ತಿದ್ದರು. ಕಾರಣ ಪೂರ್ತಿ ಗೊತ್ತಿಲ್ಲದಿದ್ದರೂ ಅದು ಒಳ್ಳೆಯ ಉಪಾಯ, ಯಾಕೆಂದರೆ ಇಲಿ ಮತ್ತು ಚಿಗಟದಿಂದ ದೂರವಾದ ಹಾಗಾಯಿತು. ಈಮ್‌ನವರು ಗಡಿಯೊಳಗೇ ಇದ್ದುಕೊಂಡು ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದರೆ ಇನ್ನೂ ಎಷ್ಟೋ ಜನ ಬದುಕುತ್ತಿದ್ದರೇನೋ. ಮನುಷ್ಯರಿಂದ ಮನುಷ್ಯರಿಗೂ ಅಲ್ಲಿ ರೋಗ ಹರಡಿರಬೇಕು ಎಂದು ಈಚೆಗೆ ಕೆಲವು ಸಂಶೋಧಕರು ಹೇಳುತ್ತಾರೆ. ಹಾಗಾಗಿದ್ದರೆ ಬಯಲಿನ ಪ್ರಾರ್ಥನೆ ಒಂದಿಷ್ಟು ಜೀವ ಉಳಿಸಿರಬೇಕು. ಧೈರ್ಯ ಮತ್ತು ನಿಷ್ಠೆ ಎಷ್ಟಿದ್ದರೂ ತಿಳಿವಳಿಕೆ ಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ.

ಇದನ್ನು ಕ್ರೈಸ್ತ ಗುರುಗಳೇ ಈಮ್‌ಗಿಂತ ಮೊದಲು ಹೇಳಿದ್ದರು. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗಿಗೆ ಪ್ಲೇಗು ಬಂದಾಗ ಮಾರ್ಟಿನ್ ಲೂಥರನಿಗೆ ಊರು ಬಿಡಲು ಅವನ ರಾಜನೇ ಹೇಳಿದ. ಅವನು ಹೋಗಲಿಲ್ಲ. ಬಸುರಿ ಹೆಂಡತಿಯ ಜೊತೆ ಅಲ್ಲೇ ಉಳಿದು ಮನೆಯಲ್ಲೇ ರೋಗಿಗಳನ್ನು ನೋಡಿಕೊಂಡ. ‘ಕ್ರೈಸ್ತನಾದವ ಪ್ಲೇಗಿಗೆ ಹೆದರಿ ಓಡಬಹುದೇ?’ ಎಂದು ಬೇರೆ ಊರಿನ ಪಾದ್ರಿಗಳು ಕೇಳಿದಾಗ ಒಂದು ಉದ್ದದ ಪತ್ರ ಬರೆದ. ಅದರ ಸಾರ ಹೀಗೆ: ಪಾದ್ರಿ, ಅಧಿಕಾರಿ, ಆರೈಕೆ ಮಾಡಬೇಕಾದವರು ತಮ್ಮ ಜವಾಬ್ದಾರಿ ಬಿಟ್ಟು ಓಡಬಾರದು. ಜವಾಬ್ದಾರಿ ಇಲ್ಲದವರು ಹೋದರೆ ಪಾಪವಲ್ಲ. ಮದ್ದು ತೆಗೆದುಕೊಳ್ಳಬೇಕು, ಮನೆಗೆ ಹೊಗೆ ಹಾಕಬೇಕು, ಅಗತ್ಯವಿಲ್ಲದ ಕಡೆ ಹೋಗಬಾರದು. ಆದರೆ ನೆರೆಯವನಿಗೆ ಬೇಕಾದರೆ ಹಿಂಜರಿಯಬಾರದು. ದೇವರು ಕಾಯುತ್ತಾನೆಂದು ಎಚ್ಚರ ತಪ್ಪಿ ತಿರುಗುವವನು ದೇವರನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂಬುದು ಅವನ ವಾದ. ನಮ್ಮ ಮಂಗಳೂರಿನ ಕಡೆಯೇ ನೋಡಿ. ಜರ್ಮನಿಯಿಂದ ಬಂದ ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಸುರುಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಪ್ಲೇಗು ಮಂಗಳೂರಿಗೆ ಬಂದಾಗ ಆ ರೋಗಿಗಳನ್ನೂ ಸೇರಿಸಿಕೊಳ್ಳಲು ಅಲ್ಲಿ ಜಾಗವಾಯಿತು. ರೋಗ ಬರುವ ಎಷ್ಟೋ ವರ್ಷ ಮುಂಚೆಯೇ ಕೆಲಸ ಸುರುವಾಗಿತ್ತು. ತಯಾರಿ ಅಂದರೆ ಅದು.

ಈಗ ನಮ್ಮ ಮಾತಿಗೆ ಬರುತ್ತೇನೆ. 2020ರ ಮಾರ್ಚಿನಲ್ಲಿ ಕಾಸರಗೋಡಿನಲ್ಲಿ ಕೊರೊನಾ ಹೆಚ್ಚಿದಾಗ ನಮ್ಮ ಗಡಿ ರಸ್ತೆಗಳ ಮೇಲೆ ಮಣ್ಣಿನ ರಾಶಿ ಬಿತ್ತು. ನಾವು ಕನ್ನಡ ಮಾತಾಡುವವರು, ಹುಷಾರಿಲ್ಲದಿದ್ದರೆ ಮಂಗಳೂರಿಗೆ ಓಡುವವರು. ಆ ದಿನಗಳಲ್ಲಿ ಆಂಬುಲೆನ್ಸುಗಳೂ ತಿರುಗಿ ಬಂದವು. ನಮ್ಮ ನೆರೆಮನೆಯ ಅಕ್ಕ ಒಬ್ಬರು ವಾರಕ್ಕೆ ಎರಡು ಸಲ ಡಯಾಲಿಸಿಸಿಗೆ ಗಡಿ ದಾಟುತ್ತಿದ್ದರು. ಅವರಿಗೆ ಮೂರು ಸರದಿ ತಪ್ಪಿತು. ಆಮೇಲೆ ಈಚೆಯೇ ಒಂದು ಕಡೆ ವ್ಯವಸ್ಥೆಯಾಯಿತು, ಆದರೆ ಅವರು ಆ ವರ್ಷ ದಾಟಲಿಲ್ಲ. ಮಣ್ಣಿನ ರಾಶಿಯಿಂದಲೇ ಹೋದರು ಅಂತ ನಾನು ಹೇಳುವುದಿಲ್ಲ, ಅದು ಡಾಕ್ಟರುಗಳ ಲೆಕ್ಕ. ಈಮ್‌ನ ಗಡಿಕಲ್ಲಿನ ಬಗ್ಗೆ ಓದಿದ್ದು ಅದೇ ತಿಂಗಳುಗಳಲ್ಲಿ. ಎರಡೂ ಗಡಿಯೇ. ಒಂದನ್ನು ಒಳಗಿನವರು ಒಪ್ಪಿ ಹಾಕಿಕೊಂಡರು, ಹೊರಗಿನವರು ಅಲ್ಲಿಗೆ ರೊಟ್ಟಿ ತಂದಿಟ್ಟರು. ಇನ್ನೊಂದನ್ನು ನಮ್ಮನ್ನು ಕೇಳದೆ ಹಾಕಿದರು, ಆಚೆಯಿಂದ ಬರಬೇಕಾದದ್ದು ಬರಲಿಲ್ಲ. ರೋಗ ತಡೆಯಲು ಗಡಿ ಬೇಕಾಗಬಹುದು, ನಾನು ಇಲ್ಲವೆನ್ನುವುದಿಲ್ಲ. ಆದರೆ ಗಡಿಯೊಳಗೆ ಉಳಿದವನ ಗಂಜಿ ಮತ್ತು ಮದ್ದಿನ ಜವಾಬ್ದಾರಿ ಗಡಿಯ ಹೊರಗಿನವನದ್ದು. ಅದಿಲ್ಲದಿದ್ದರೆ ಅದು ಬರೀ ಮಣ್ಣಿನ ರಾಶಿ.

ಅದೇ ಸಮಯದಲ್ಲಿ ನಮ್ಮ ಹತ್ತಿರದ ಇಗರ್ಜಿಯಲ್ಲಿ ನಡೆದದ್ದನ್ನೂ ನೋಡಿದೆ. ಪೂಜೆ ನಿಂತಿತು. ಫಾದರ್ ಒಬ್ಬರೇ ಬಲಿಪೂಜೆ ಮಾಡಿ ಫೋನಿನಲ್ಲಿ ತೋರಿಸಿದರು. ಅವರಲ್ಲಿ ಊರನ್ನು ವಾಡೊ ಎಂದು ಭಾಗ ಮಾಡಿ ಒಂದೊಂದಕ್ಕೆ ಒಬ್ಬ ಗುರ್ಕಾರ ಇರುತ್ತಾನೆ. ಹಬ್ಬದ ವಂತಿಗೆ ಎತ್ತಲು ಇರುವ ಆ ಏರ್ಪಾಡೇ ಆಗ ಕೆಲಸಕ್ಕೆ ಬಂತು. ಯಾವ ಮನೆಯಲ್ಲಿ ಮುದುಕರು ಮಾತ್ರ ಇದ್ದಾರೆ, ಯಾರಿಗೆ ಸಕ್ಕರೆ ಕಾಯಿಲೆಯ ಮದ್ದು ಬೇಕು, ಯಾರ ಮಗ ಕೊಲ್ಲಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಎಲ್ಲ ಗುರ್ಕಾರನಿಗೆ ಗೊತ್ತಿತ್ತು. ಅಕ್ಕಿಯ ಚೀಲ ಹೊತ್ತು ಹೋದವರು ಮನೆಯ ಗೇಟಿನಲ್ಲಿಟ್ಟು ಕರೆದು ಹಿಂದೆ ಬರುತ್ತಿದ್ದರು. ನಮ್ಮ ಮನೆಗೂ ಒಂದು ಚೀಲ ಬಂತು. ‘ನಾವು ನಿಮ್ಮ ಇಗರ್ಜಿಯವರಲ್ಲವಲ್ಲ ಮಾರಾಯ್ರೆ’ ಅಂದೆ. ‘ಮಾಸ್ಟ್ರೇ, ಪಟ್ಟಿಯಲ್ಲಿ ಮನೆ ಬರೆದದ್ದು, ಜಾತಿ ಬರೆದದ್ದಲ್ಲ’ ಅಂದ ಆ ಹುಡುಗ. ಅವನು ನನ್ನ ಹಳೆಯ ವಿದ್ಯಾರ್ಥಿ, ಗಣಿತದಲ್ಲಿ ಯಾವಾಗಲೂ ಹಿಂದೆ.

ಶವಸಂಸ್ಕಾರಕ್ಕೆ ಇಪ್ಪತ್ತೇ ಜನ ಎಂಬ ನಿಯಮವಿದ್ದಾಗ ಅವರೂ ಅತ್ತರು, ನಾವೂ ಅತ್ತೆವು. ಕೋಲ ನಿಂತಿತು, ಉರೂಸು ನಿಂತಿತು, ಜಾತ್ರೆ ನಿಂತಿತು. ಎಲ್ಲ ಕಡೆಯೂ ಹಿರಿಯರು ಮುಂದೆ ನಿಂತು ‘ಈ ವರ್ಷ ಬೇಡ’ ಅಂದ ಕಡೆ ಜನ ಕೇಳಿದರು. ಹಿರಿಯರೇ ಗುಟ್ಟಿನಲ್ಲಿ ನಡೆಸಿದ ಕಡೆ ಪೊಲೀಸರು ಬಂದರೂ ಜನ ಕೇಳಲಿಲ್ಲ.

ಇನ್ನೊಂದು ಮಾರಿ ಬರುವುದಿಲ್ಲ ಎಂದು ಯಾರೂ ಹೇಳಲಾರರು. ಆದ್ದರಿಂದ ಇಗರ್ಜಿಯವರಿಗೂ ಮಸೀದಿಯವರಿಗೂ ದೇವಸ್ಥಾನದವರಿಗೂ ನಮ್ಮ ವಾಚನಾಲಯದವರಿಗೂ ನನ್ನದೊಂದು ಕೋರಿಕೆ. ಈಗ, ಎಲ್ಲರೂ ಹುಷಾರಾಗಿರುವಾಗಲೇ, ಒಂದು ಆದಿತ್ಯವಾರ ಕೂತು ನಾಲ್ಕು ವಿಷಯ ಬರೆದಿಡಿ. ಒಂಟಿಯಾಗಿರುವ ಮುದುಕರ ಮನೆ ಯಾವುವು, ಅಲ್ಲಿಗೆ ಹೋಗುವ ಹುಡುಗರು ಯಾರು. ಜನ ಸೇರುವಂತಿಲ್ಲದಿದ್ದರೆ ಪ್ರಾರ್ಥನೆ ಎಲ್ಲಿ, ಹೇಗೆ. ಸತ್ತವರನ್ನು ಮರ್ಯಾದೆಯಿಂದ, ಆದರೆ ಕಡಿಮೆ ಜನರಿಂದ ಕಳಿಸಿಕೊಡುವುದು ಹೇಗೆ. ಡಯಾಲಿಸಿಸಿನಂಥ ಚಿಕಿತ್ಸೆ ಬೇಕಾದವರು ಯಾರು, ರಸ್ತೆ ಮುಚ್ಚಿದರೆ ಅವರಿಗೆ ಎಲ್ಲಿ ವ್ಯವಸ್ಥೆ. ಇದನ್ನು ಬರೆಯುವಾಗ ಊರಿನಲ್ಲಿ ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರನ್ನಾದರೂ ಜೊತೆಯಲ್ಲಿ ಕೂರಿಸಿಕೊಳ್ಳಿ. ಮೊಂಪೆಸನ್ ಮತ್ತು ಸ್ಟ್ಯಾನ್ಲಿ ಜೊತೆಯಾಗಿ ನಿಂತದ್ದಕ್ಕೇ ಜನ ಅವರ ಮಾತು ಕೇಳಿದ್ದು.

ಮಾರಿ ಗಡಿಯಿಂದ ಆಚೆ ಹೋದರೆ ಆಚೆಯೂ ಊರೇ ಅಲ್ಲವಾ ಅಂತ ಕೇಳಿದ್ದಕ್ಕೆ ಅಜ್ಜಿ ನನ್ನನ್ನು ಒಳಗೆ ಕಳಿಸಿದ್ದಳು. ಅವಳಿಗೂ ಉತ್ತರ ಗೊತ್ತಿರಲಿಕ್ಕಿಲ್ಲ. ಈಮ್‌ನವರಿಗೆ ಆ ಪ್ರಶ್ನೆ ಬಂದಾಗ ಅವರು ಆಚೆಯವರನ್ನೂ ಊರಿನವರೆಂದೇ ಲೆಕ್ಕ ಹಾಕಿದರು. ನಮ್ಮ ಶಾಲೆಯ ಮಕ್ಕಳಿಗೆ ಈ ಕತೆ ಹೇಳುವಾಗ ಮಾಸ್ಟ್ರುಗಳು, ಟೀಚರುಗಳು ಆ ಗಡಿಕಲ್ಲಿನ ಗುಳಿಗಳ ಚಿತ್ರ ಒಂದನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿದರೆ ಒಳ್ಳೆಯದು. ನಾನು ಬಿಡಿಸಿದಾಗ ಒಂದು ಹುಡುಗಿ, ‘ಮಾಸ್ಟ್ರೇ, ಆಚೆಯಿಂದ ಸಾಮಾನು ತಂದಿಟ್ಟವರ ಹೆಸರು ಎಂತ?’ ಅಂತ ಕೇಳಿದಳು. ಅರ್ಲ್‌ನದ್ದು ಬಿಟ್ಟರೆ ಬೇರೆ ಯಾವ ಹೆಸರನ್ನೂ ನಾನು ಹೇಳಲಾಗಲಿಲ್ಲ.